ಕಾಫಿಯ ತವರಿಗೆ ಹೊರಡುವ ಮುನ್ನ

‘ಸಾರ್, ಕಾಫಿಯ ಮೂಲ ಊರು ನೋಡಿ ಬರಲು ಎಷ್ಟು ಖರ್ಚಾದೀತು?’ ಹೆತ್ತೂರಿನಂಥ ತೋಟದ ಊರಿನಲ್ಲಿ ವಿಜ್ಞಾನದ ಮೇಷ್ಟರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬಾಬಾಬುಡನ್ ಬೀಜ ತಂದದ್ದು ಯೆಮನ್‌ನಿಂದ ಎಂಬುದು ಪ್ರತೀತಿ. ಆದರೆ ಅರೇಬಿಕಾ ಇಂದಿಗೂ ಕಾಡುಗಿಡವಾಗಿ ಬೆಳೆಯುವುದು ಇಥಿಯೋಪಿಯದ ನೈಋತ್ಯದ ಕಾಫಾ ಸೀಮೆಯಲ್ಲಿ.

ಐಷಾರಾಮವೂ ಬೇಡ, ಪರದಾಟವೂ ಬೇಡ ಎನ್ನುವ ಕುಟುಂಬಗಳು ಮೊದಲು ವಿಚಾರಿಸುವುದು ಹೋಟೆಲಿನ ಬಾಡಿಗೆ. ಅಲ್ಲಿ ಹಣ ತಿನ್ನುವುದು ರಸ್ತೆ. ರಾಜಧಾನಿ ಅಡಿಸ್ ಅಬಾಬದಿಂದ ಕಾಫಾದ ಬೊಂಗಾಕ್ಕೆ ಸುಮಾರು 450 ಕಿ.ಮೀ., ಬೆಟ್ಟದ ದಾರಿ. ಜೀಪಿನ ದಿನಬಾಡಿಗೆ, ಡೀಸೆಲ್, ಚಾಲಕನ ಊಟ ವಸತಿಯನ್ನೇ ಮೊದಲು ಬರೆದುಕೊಳ್ಳಿ. ನಾಲ್ವರಾದರೆ ತಲಾ ಕಾಲು ಭಾಗ. ಒಬ್ಬರೇ ಹೋದರೆ ಪೂರ್ತಿ.

ಲೆಕ್ಕ ಡಾಲರಿನಲ್ಲಿರಲಿ. 2024ರ ಜುಲೈ ಕೊನೆಯಲ್ಲಿ ಅಲ್ಲಿನ ಸರ್ಕಾರ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 57ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರಗಳಲ್ಲಿ 100 ದಾಟಿತು. ಅದಕ್ಕೂ ಮೊದಲು ಹೋಗಿಬಂದವರ ಖರ್ಚಿನ ಚೀಟಿಯನ್ನು ನೆಚ್ಚಬೇಡಿ.

ಹಳದಿ ಜ್ವರದ ಚುಚ್ಚುಮದ್ದು ಬಿಡುವುದು ಉಳಿತಾಯವಲ್ಲ. ಹೊರಡುವ 10 ದಿನ ಮೊದಲೇ ಹಾಕಿಸಿ ಪ್ರಮಾಣಪತ್ರ ಪಡೆಯದಿದ್ದರೆ, ಮರಳಿದಾಗ ನಮ್ಮವರೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಇನ್ನೊಂದು ತಮಾಷೆ: ಅಲ್ಲಿಯವರು ಗಂಟೆ ಎಣಿಸುವುದು ಬೆಳಗಿನ ಆರರಿಂದ. ‘ಎರಡು ಗಂಟೆಯ ಬಸ್ಸು’ ಎಂದರೆ ನಮ್ಮ ಎಂಟು. ಬಸ್ಸು ತಪ್ಪಿತೋ, ಮತ್ತೊಂದು ರಾತ್ರಿಯ ಬಾಡಿಗೆ!

ತಿಗ್ರೇಯಲ್ಲಿ 2020ರಿಂದ 2022ರವರೆಗೆ ಯುದ್ಧವಾಯಿತು. 2023ರಲ್ಲಿ ಅಮ್ಹಾರಾದಲ್ಲಿ ಹೋರಾಟ ಭುಗಿಲೆದ್ದಿತು. ಟಿಕೆಟ್ ಕೊಳ್ಳುವ ಮುನ್ನ ನಮ್ಮ ರಾಯಭಾರ ಕಚೇರಿಯ ಸೂಚನೆ ಓದಿ. ಮೊತ್ತದ ಕಾಲು ಭಾಗವನ್ನು ಹಠಾತ್ತನೆ ಮರಳಬೇಕಾದೀತೆಂದು ಮುಟ್ಟದೆ ಇಡಿ.

ಅಕ್ಟೋಬರಿನಲ್ಲಿ ಅಲ್ಲಿ ಮಳೆ ಇಳಿಯತೊಡಗುತ್ತದೆ. ಮಕ್ಕಳಿಗೆ ದಸರೆ ರಜೆ, ನಮ್ಮ ಹಣ್ಣು ಇನ್ನೂ ಕೆಂಪಾಗಿರುವುದಿಲ್ಲ. ಹೋಗಿ ಬನ್ನಿ, ಕೊಯ್ಲಿನ ಕೂಲಿಗೆಂದು ಎತ್ತಿಟ್ಟ ಹಣಕ್ಕೆ ಮಾತ್ರ ಕೈ ಹಾಕಬೇಡಿ.