ಎದೆ ಬಿಗಿತ, ತಲೆನೋವು: ಯಾವಾಗ ಬೆಳಗಿನವರೆಗೆ ಕಾಯಬಹುದು, ಯಾವಾಗ ಕಾಯಲೇಬಾರದು?

ಇವತ್ತಿನ ವಿಷಯ ಸ್ವಲ್ಪ ಗಂಭೀರ. ದಯವಿಟ್ಟು ಕೊನೆವರೆಗೂ ಕೇಳಿ.

ಹೀಗೊಂದು ರಾತ್ರಿ ಊಹಿಸ್ಕೊಳ್ಳಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂಥ ಒಂದು ಊರು. ಗಂಟೆ ಹನ್ನೊಂದೂವರೆ. ಮುದ್ದೆ ಉಂಡು ಮಲಗಿದ್ದ ಅಪ್ಪ ಎದ್ದು ಕೂತು, "ಯಾಕೋ ಎದೆ ಹಿಡ್ಕೊಂಡಂಗೆ ಐತೆ ಕಣಪ್ಪ" ಅಂತಾರೆ. ಅಮ್ಮ ಜೀರಿಗೆ ನೀರು ಕಾಯಿಸೋಕೆ ಹೋಗ್ತಾರೆ. ಪಕ್ಕದ ಮನೆಯವರು "ಗ್ಯಾಸ್ ಇರ್ಬೇಕು, ಸೋಡಾ ಕುಡಿಸಿ, ಬೆಳಗ್ಗೆ ನೋಡಿದ್ರಾಯ್ತು" ಅಂತಾರೆ. ಮನೇಲಿ ಸ್ಮಾರ್ಟ್‌ಫೋನ್ ಇರೋದು ನಿಮ್ಮ ಕೈಲಿ. ಹಾಗಾಗಿ ಎಲ್ಲರೂ ನಿಮ್ಮ ಮುಖ ನೋಡ್ತಾರೆ. ಆಗ ಏನು ಮಾಡ್ತೀರಿ?

ಭಯ ಎರಡು ಥರ ಕೆಲಸ ಮಾಡುತ್ತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಇಡೀ ರಾಜ್ಯ ಬೆಚ್ಚಿಬಿತ್ತು. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಸಾಲು ಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಎಷ್ಟೋ ಜನ ಯಾವ ತೊಂದರೆಯೂ ಇಲ್ಲದೆ ಬರೀ ಹೆದರಿಕೆಯಿಂದ ಬಂದವರು. ಇದು ಒಂದು ಥರ. ಇನ್ನೊಂದು ಥರದ ಭಯ ಬಾಯಿ ಮುಚ್ಚಿಸುತ್ತೆ. ನಿಜವಾಗಿ ಎದೆ ಹಿಡಿದಿದ್ರೂ "ಏನಿಲ್ಲ ಬಿಡು" ಅನ್ನಿಸುತ್ತೆ. ಹೆಚ್ಚು ಅಪಾಯ ಈ ಎರಡನೆಯದ್ರಲ್ಲೇ.

ಮೊದಲು ಎದೆ ವಿಷಯ. ಎದೆ ಮಧ್ಯದಲ್ಲಿ ಭಾರ, ಹಿಂಡಿದಂಗೆ, ಯಾರೋ ಕಲ್ಲು ಇಟ್ಟಂಗೆ ಅನ್ನಿಸ್ತಿದೆಯಾ? ಹತ್ತು ನಿಮಿಷ ಆದ್ರೂ ಇಳೀತಿಲ್ವಾ? ಎಡಗೈ, ಭುಜ, ಕುತ್ತಿಗೆ, ದವಡೆ, ಬೆನ್ನಿಗೆ ಹಬ್ತಿದೆಯಾ? ತಣ್ಣನೆ ಬೆವರು, ಉಸಿರುಕಟ್ಟೋದು, ವಾಕರಿಕೆ, ಕಣ್ಣು ಕತ್ತಲೆ ಬರೋದು ಜೊತೆಗಿದೆಯಾ? ಇವುಗಳಲ್ಲಿ ಒಂದಿದ್ರೂ ಸಾಕು, ಹೊರಡಬೇಕು. ಬೆವರು, ಉಸಿರಾಟದ ತೊಂದರೆ ಜೊತೆಗಿದ್ರೆ ಹತ್ತು ನಿಮಿಷಾನೂ ಕಾಯಬೇಡಿ. ಸಕ್ಕರೆ ಕಾಯಿಲೆ ಇರೋರಿಗೆ, ವಯಸ್ಸಾದವರಿಗೆ, ಕೆಲವು ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ಹೊಟ್ಟೆ ಮೇಲ್ಭಾಗದಲ್ಲಿ ಸಂಕಟ ಬರಬಹುದು. "ನೋವಿಲ್ವಲ್ಲ" ಅಂತ ಸುಮ್ಮನಿರಬೇಡಿ.

ಹಾಗಾದ್ರೆ ಎಲ್ಲಾ ಎದೆನೋವೂ ಹಾರ್ಟ್ ಅಟ್ಯಾಕಾ? ಖಂಡಿತ ಅಲ್ಲ. ಒಂದೇ ಜಾಗದಲ್ಲಿ ಸೂಜಿ ಚುಚ್ಚಿದಂಗೆ ಆಗಿ ಕ್ಷಣದಲ್ಲಿ ಹೋಗೋದು, ಬೆರಳಿಂದ ಒತ್ತಿದ್ರೆ ನೋಯೋದು, ಮೂಟೆ ಎತ್ತಿದ ಮಾರನೇ ದಿನ ಕೈ ಆಡಿಸಿದಾಗ ಹಿಡಿಯೋದು, ಇವು ಹೆಚ್ಚಾಗಿ ಮಾಂಸಖಂಡದ ನೋವು. ಮತ್ತೆ ಮತ್ತೆ ಬಂದ್ರೆ ಹಗಲು ಹೊತ್ತಲ್ಲಿ ಡಾಕ್ಟರ್‌ಗೆ ತೋರಿಸಿ. ಆದ್ರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಬಿಗಿದು ನಿಂತರೆ ಸರಿಹೋಗ್ತಿದ್ಯಾ? ಅದು ಹೃದಯದ ರಕ್ತನಾಳ ಕಿರಿದಾಗಿರೋದರ ಮುನ್ಸೂಚನೆ ಆಗಿರಬಹುದು. ಒಂದೆರಡು ದಿನದಲ್ಲೇ ತೋರಿಸಿ. ವಿಶ್ರಾಂತಿಯಲ್ಲಿರುವಾಗಲೂ ಬಂದ್ರೆ ಅವತ್ತೇ.

ಗ್ಯಾಸೋ ಹೃದಯವೋ ಅಂತ ಮನೇಲಿ ಕೂತು ಹೇಳೋಕೆ ಆಗಲ್ಲ. ಅದನ್ನ ಹೇಳೋದು ಈಸಿಜಿ, ಕೆಲವೊಮ್ಮೆ ಟ್ರೋಪೋನಿನ್ ಅನ್ನೋ ರಕ್ತ ಪರೀಕ್ಷೆ. ಮೊದಲ ಈಸಿಜಿ ಸರಿಯಾಗಿದ್ದೂ ಬಿಗಿತ ಇಳಿಯದಿದ್ರೆ ಮತ್ತೊಮ್ಮೆ ತೆಗೀತಾರೆ. ಒಂದು ಚೀಟಿ ನೋಡಿ ವಾಪಸ್ ಬರಬೇಡಿ.

ಈಗ ತಲೆನೋವು. ಬಿಸಿಲು, ನಿದ್ದೆಗೆಟ್ಟಿದ್ದು, ಊಟ ಬಿಟ್ಟಿದ್ದು, ರಾತ್ರಿಯಿಡೀ ರೀಲ್ಸ್ ನೋಡಿದ್ದು: ಬಹುಪಾಲು ತಲೆನೋವಿಗೆ ಕಾರಣ ಇಂಥವೇ. ನೀರು, ಊಟ, ನಿದ್ದೆಗೆ ಇಳಿಯುತ್ತೆ. ಇಳಿಯದೇ ಇದ್ರೆ? ಸಿಡಿಲು ಹೊಡೆದಂಗೆ ಒಂದೇ ನಿಮಿಷದಲ್ಲಿ ಏರಿದ ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳೋದು, ಬಾಯಿ ಸೊಟ್ಟಗಾಗೋದು, ಒಂದು ಕೈ ಎತ್ತೋಕಾಗದಿರೋದು, ಮಾತು ತೊದಲೋದು, ಫಿಟ್ಸ್, ಬೈಕಿಂದ ಬಿದ್ದ ಮೇಲೆ ವಾಂತಿ, ಬಸುರಿಯರಿಗೆ ತಲೆನೋವಿನ ಜೊತೆ ಕಣ್ಣು ಮಂಜಾಗೋದು, ಇವಕ್ಕೆ ಕಾಯೋ ಹಾಗಿಲ್ಲ. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸೋ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಇನ್ನೊಂದು ಮಾತು: ಮೆಡಿಕಲ್ ಶಾಪಿಂದ ಮಾತ್ರೆ ತಂದು ತಿಂಗಳಿಗೆ ಹತ್ತು, ಹದಿನೈದು ದಿನ ನುಂಗ್ತಿದ್ರೆ ಆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳುತ್ತೆ.

ಎರಡೂ ಒಟ್ಟಿಗೆ ಬಂದ್ರೆ? ಬಿಪಿ ನೋಡಿಸಿ. 180/120 ದಾಟಿದ್ದು, ಜೊತೆಗೆ ಎದೆ ಬಿಗಿತ ಅಥವಾ ಜೋರು ತಲೆನೋವು ಇದ್ರೆ ಅದು ತುರ್ತು. ಗ್ಯಾಸ್ ಗೀಸರ್ ಇರೋ ಬಚ್ಚಲಲ್ಲಿ, ಕೆಂಡ ಇಟ್ಟ ಮುಚ್ಚಿದ ಕೋಣೆಯಲ್ಲಿ ತಲೆ ಸಿಡಿದು ಎದೆ ಬಿಗಿದ್ರೆ ಕಾರ್ಬನ್ ಮೊನಾಕ್ಸೈಡ್ ವಿಷ ಇರಬಹುದು. ಬಾಗಿಲು ತೆಗೆದು ಕೂಡಲೇ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ. ಪರೀಕ್ಷೆ, ಸಾಲದ ಚಿಂತೆಯಿಂದ ಬರೋ ಗಾಬರಿಯಲ್ಲೂ ಎರಡೂ ಬರುತ್ತೆ. ಅದು ನಾಟಕ ಅಲ್ಲ, ನಿಜವಾದ ಸಂಕಟ. ಆದ್ರೆ ಗಾಬರಿ ಅಂತ ತೀರ್ಮಾನಿಸೋದು ಹೃದಯ ಸರಿಯಿದೆ ಅಂತ ಡಾಕ್ಟರ್ ಹೇಳಿದ ಮೇಲೆ. ಆಮೇಲೆ ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮನಸ್ ಸಹಾಯವಾಣಿ ಇದೆ, 14416. ಉಚಿತ.

ಮತ್ತೆ ಆ ರಾತ್ರಿಗೆ ಬರೋಣ. 108ಕ್ಕೆ ಫೋನ್ ಮಾಡಿ. ಅಪ್ಪನನ್ನ ಒರಗಿಸಿ ಕೂರಿಸಿ, ನಡೆಸಬೇಡಿ, ಬೈಕ್ ಓಡಿಸೋಕಂತೂ ಬಿಡಬೇಡಿ. ಆಂಬ್ಯುಲೆನ್ಸ್ ತಡ ಅಂದ್ರೆ ಊರಲ್ಲಿರೋ ಕಾರು ಕೇಳಿ. ಜೋರಾಗಿ ಕೆಮ್ಮಿದ್ರೆ ಹಾರ್ಟ್ ಅಟ್ಯಾಕ್ ನಿಲ್ಲುತ್ತೆ ಅನ್ನೋ ವಾಟ್ಸಾಪ್ ಮೆಸೇಜ್ ನಂಬಬೇಡಿ. ಆಸ್ಪಿರಿನ್, ನಾಲಿಗೆ ಕೆಳಗಿಡೋ ಮಾತ್ರೆ ಡಾಕ್ಟರ್ ಅಥವಾ 108ರವರು ಹೇಳಿದ್ರೆ ಮಾತ್ರ; ಮೆದುಳಲ್ಲಿ ರಕ್ತಸ್ರಾವ ಆಗಿದ್ರೆ ಆಸ್ಪಿರಿನ್ನೇ ಅಪಾಯ.

ಹೋಗೋದು ಎಲ್ಲಿಗೆ? ಇದನ್ನ ಇವತ್ತು ಹಗಲಲ್ಲೇ ತಿಳ್ಕೊಂಡಿರಿ. ಪುನೀತ್ ಹೆಸರಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ಮಾಡಿದೆ. ಅದರಲ್ಲಿ ಸೇರಿರೋ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಈಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದ್ರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನ ಉಚಿತವಾಗಿ ಕೊಡ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ನಿಮಗೆ ಹತ್ತಿರದ್ದು ಯಾವುದೋ ಅಲ್ಲಿ ಎರಡೇ ಪ್ರಶ್ನೆ ಕೇಳಿ: ರಾತ್ರಿ ಹೊತ್ತು ಈಸಿಜಿ ಇರುತ್ತಾ? ಈ ಚುಚ್ಚುಮದ್ದು ಇದೆಯಾ? ಉತ್ತರವನ್ನ ಫೋನಲ್ಲಿ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಗೆ ಹೋಗಿ ಗ್ಯಾಸ್ ಅಂತ ಗೊತ್ತಾಗಿ ವಾಪಸ್ ಬಂದ್ರೆ ಯಾರೂ ನಗಲ್ಲ. ನಕ್ಕರೆ ನಗಲಿ ಬಿಡಿ, ಅಪ್ಪ ಮನೇಲಿರ್ತಾರಲ್ಲ! ಈ ಸಂಚಿಕೆಯನ್ನ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ.