ಅಮ್ಮನ ತಟ್ಟೆ

ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾಗಿದ್ದ ನಂದಿದುರ್ಗ ಗಣಿಯ ಸುತ್ತಣ ಮನೆಗಳಲ್ಲಿ ಒಂದು ಕಾಲಕ್ಕೆ ಊಟದ ಹೊತ್ತನ್ನು ಗಣಿಯ ಪಾಳಿಯೇ ಗೊತ್ತುಮಾಡುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈಗ ಆ ಅಧಿಕಾರ ರೈಲುಗಾಡಿಯದು. ಮಾರಿಕುಪ್ಪಮಿನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗುವವರು ನಸುಕಿನಲ್ಲಿ ಮನೆ ಬಿಟ್ಟರೆ ಹಿಂದಿರುಗುವುದು ಕತ್ತಲಾದ ಮೇಲೆಯೇ. ಮನೆಮಂದಿಯೆಲ್ಲ ಒಟ್ಟಿಗೆ ಕೂಡುವುದು ರಾತ್ರಿಯ ಊಟವೊಂದಕ್ಕೆ.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿ ಮಗಳ ತಟ್ಟೆಗೆ ಮುದ್ದೆಯಿಟ್ಟು ಸೊಪ್ಪಿನ ಸಾರು ಬಡಿಸುತ್ತಾಳೆ. “ನೀನೂ ಕೂತ್ಕೊಳ್ಳಮ್ಮಾ” ಎನ್ನುತ್ತದೆ ಮಗು. “ನನಗೆ ಹಸಿವಿಲ್ಲ ಕಂದಾ, ನೀನು ತಿನ್ನು.” ನಿನ್ನೆಯೂ ಇದೇ ಮಾತು, ಮೊನ್ನೆಯೂ ಇದೇ ಮಾತು. ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವುದು ನಮ್ಮ ಗೃಹಿಣಿಯರ ವಾಡಿಕೆ. ಆದುದರಿಂದ ಆಕೆ ಉಣ್ಣದಿರುವುದು ಯಾರ ಕಣ್ಣಿಗೂ ಬೀಳದು. ವ್ರತವಿರಬೇಕೆಂದು ಸುಮ್ಮನಾಗುವವರೂ ಉಂಟು. ವ್ರತಕ್ಕಾದರೆ ಪಾರಣೆಯುಂಟು, ಈ ಉಪವಾಸಕ್ಕೆ ಪಾರಣೆಯೇ ಇಲ್ಲ.

ಇದು ಹಟವಲ್ಲ, ಬೆಡಗೂ ಅಲ್ಲ, ಮನಸ್ಸಿನ ವ್ಯಾಧಿ. ಮೈ ಬೆಳೆದೀತೆಂಬ ಭಯದಿಂದ ಕೆಲವರು ಅನ್ನವನ್ನೇ ದೂರವಿಡುತ್ತಾರೆ. ಕೆಲವರು ಗುಟ್ಟಾಗಿ ಮಿತಿಮೀರಿ ತಿಂದು, ಅನಂತರ ನಾಚಿಕೆಯಿಂದ ವಾಂತಿ ಮಾಡಿಕೊಳ್ಳುತ್ತಾರೆ. ಗಂಡಸರಿಗೂ ಇದು ತಪ್ಪಿದ್ದಲ್ಲ. ಇಂತಹವರು ತಂದೆತಾಯಿಗಳಾದಾಗ ಅವರನ್ನು ಕಾಡುವ ಚಿಂತೆ ಒಂದೇ: “ನನ್ನ ಈ ಭಯ ಮಗುವಿಗೂ ಅಂಟೀತೆ?”

ಈ ಪ್ರಶ್ನೆಗೆ ಧೈರ್ಯದ ಉತ್ತರವಿದೆ. ಇಂಗ್ಲೆಂಡಿನಲ್ಲಿ ಅಲನ್ ಸ್ಟೈನ್ ಮತ್ತು ಅವರ ಸಂಗಡಿಗರು ಈ ವ್ಯಾಧಿಯಿದ್ದ 80 ಮಂದಿ ತಾಯಂದಿರ ಮೇಲೆ ನಡೆಸಿದ ಪ್ರಯೋಗವು 2006ರಲ್ಲಿ ಪ್ರಕಟವಾಯಿತು. ಕೆಲವು ತಾಯಂದಿರು ಕೂಸಿಗೆ ಉಣಿಸುವುದನ್ನು ಚಿತ್ರೀಕರಿಸಿ, ಅದನ್ನು ಅವರಿಗೇ ತೋರಿಸಿ, ಕೂಸಿನ ಸನ್ನೆಗಳನ್ನು ಅರಿಯಲು ಕಲಿಸಲಾಯಿತು. ಉಳಿದವರಿಗೆ ಬೇರೆ ಬಗೆಯ ಸಮಾಲೋಚನೆ ದೊರೆಯಿತು. ಕೊನೆಗೆ ನೋಡಿದಾಗ, ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯಲ್ಲಿ ಊಟದ ಹೊತ್ತಿಗೆ ತೀವ್ರ ಜಗ್ಗಾಟವಿತ್ತು. ಕಲಿತವರಲ್ಲಿ ಕಾಲುಭಾಗಕ್ಕಿಂತ ಕಡಿಮೆ. ತಾಯಿಯ ವ್ಯಾಧಿ ಮಗುವಿನ ಹಣೆಬರಹವಲ್ಲ. ತಾಯಿಗೆ ನೆರವು ದೊರೆತರೆ ಮಗುವಿನ ಊಟವೂ ಹಸನಾಗುತ್ತದೆ.

ಮನೆಯವರು ಮಾಡಬೇಕಾದುದೇನು? ಏನು ಅಡಿಗೆ, ಎಷ್ಟು ಹೊತ್ತಿಗೆ ಊಟ ಎಂಬುದನ್ನು ಹಿರಿಯರು ಗೊತ್ತುಮಾಡಲಿ. ಎಷ್ಟು ಉಣ್ಣಬೇಕೆಂಬುದನ್ನು ಮಗುವಿನ ಹಸಿವಿಗೆ ಬಿಡಲಿ. ಕೈಬಾಯಿ ಕೊಳೆಯಾದರೆ ಆಗಲಿ. “ದಪ್ಪಗಾದೆ,” “ಸೊರಗಿದೆ” ಎಂಬ ಮಾತುಗಳು ಪಂಕ್ತಿಗೆ ಬಾರದಿರಲಿ. ತಾಯಿಗೆ ಕಷ್ಟವಾದ ದಿನ ತಂದೆಯೋ ಅಜ್ಜಿಯೋ ಬಡಿಸಲಿ, “ಯಾಕೆ ತಿನ್ನುವುದಿಲ್ಲ?” ಎಂದು ಗದರದೆ, ಆಕೆಯ ಪಕ್ಕದಲ್ಲಿ ಕೂತು ತಾವೂ ಉಣ್ಣಲಿ.

ಇಷ್ಟರಿಂದಲೇ ರೋಗ ವಾಸಿಯಾಗದು. ವೈದ್ಯರ ನೆರವು ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೈಲುದಾರಿಯಷ್ಟು ದೂರ. ಅಷ್ಟೂ ಹೋಗಲಾರದವರಿಗೆ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಂಟು. 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಇಂದು ರಾತ್ರಿ ಎಲೆ ಹಾಕುವಾಗ ಒಮ್ಮೆ ಎಣಿಸಿ ನೋಡಿ. ಅಮ್ಮನ ತಟ್ಟೆಯೂ ಅಲ್ಲಿದೆಯೆ?