ದವಾಖಾನೆಯ ದಾರಿಫಲಕಗಳು

ರೋಗಿಯು ವೈದ್ಯರ ಮುಂದೆ ಕುಳಿತುಕೊಳ್ಳುವುದಕ್ಕೆ ಮೊದಲು ಒಂದು ಪ್ರಯಾಣವನ್ನು ಮುಗಿಸಿರಬೇಕಾಗುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ರೈಲುಹಳಿಯೇ ಊರನ್ನು ಇಬ್ಭಾಗವಾಗಿಸಿರುವುದರಿಂದ, ‘ಪೂರ್ವವೋ ಪಶ್ಚಿಮವೋ?’ ಎಂಬುದೇ ಅಲ್ಲಿಯ ಮೊದಲ ಪ್ರಶ್ನೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಯೋಜಿಸಿದ ನವಿಮುಂಬಯಿಯಲ್ಲಾದರೋ ‘ಎಷ್ಟನೆಯ ಸೆಕ್ಟರು?’ ಎಂದು ಕೇಳಬೇಕು. ಆದುದರಿಂದ ಸಮುದಾಯದ ದವಾಖಾನೆಯೊಂದರ ಮೊದಲ ದಾರಿಫಲಕವು ಅದರ ಬಾಗಿಲಿನಲ್ಲಿಲ್ಲ, ವಿಳಾಸದಲ್ಲಿದೆ.

ಎರಡನೆಯದು ಲಿಪಿಯ ಪ್ರಶ್ನೆ. ಮಹಾರಾಷ್ಟ್ರದ 2022ರ ಕಾನೂನು ತಿದ್ದುಪಡಿಯಂತೆ ಅಂಗಡಿ, ಸಂಸ್ಥೆಗಳ ನಾಮಫಲಕದಲ್ಲಿ ದೇವನಾಗರಿ ಲಿಪಿಯ ಮರಾಠಿಯು ಮೊದಲು ಬರತಕ್ಕದ್ದು. ಇತರ ಭಾಷೆಯ ಅಕ್ಷರಗಳು ಅದಕ್ಕಿಂತ ದೊಡ್ಡವಾಗಿರಕೂಡದು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರಿಗೂ ದೇವನಾಗರಿಯೇ ಸುಲಭ. ಅವರು ಕನ್ನಡವನ್ನು ಆಡಬಲ್ಲರು, ಓದಲಾರರು. ಹುಬ್ಬಳ್ಳಿಯಿಂದಲೋ ಕುಂದಾಪುರದಿಂದಲೋ ಮಗನ ಮನೆಗೆ ಬಂದ ವೃದ್ಧೆಗೆ ಮಾತ್ರ ಕನ್ನಡವೊಂದೇ ಗತಿ. ಒಳಗಿನ ಕನ್ನಡ ಬರಹವಿರುವುದು ಆಕೆಗಾಗಿ. ನಮ್ಮ ಅಭಿಮಾನದ ಪ್ರದರ್ಶನಕ್ಕಾಗಿ ಅಲ್ಲ. ಎಂತಲೇ ನಿಘಂಟಿನ ‘ಕ್ಷ-ಕಿರಣ’ಕ್ಕಿಂತ ವೈದ್ಯರ ಬಾಯಿಂದ ಆಕೆ ಕೇಳಿದ ‘ಎಕ್ಸ್‌ರೇ’ಯೇ ಮೇಲು. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ‘ರಕ್ತಪರೀಕ್ಷೆ’ಯಂತಹ ಪದಕ್ಕೆ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಎತ್ತರದ ಸ್ಥಳ ಬೇಕೆಂಬುದನ್ನೂ ಫಲಕ ಬರೆಯುವವನಿಗೆ ತಿಳಿಸಬೇಕು.

ಯಾವ ಲಿಪಿಯನ್ನೂ ಅರಿಯದವರಿಗೆ ಚಿತ್ರವೇ ಆಸರೆ. 1951-52ರ ಮಹಾಚುನಾವಣೆಯಲ್ಲಿ ಕೋಟ್ಯಂತರ ನಿರಕ್ಷರರು ಚಿಹ್ನೆಗಳನ್ನು ನೋಡಿಯೇ ಮತವಿತ್ತರು. ಆದರೆ ಬಿಳಿಯ ನೆಲದ ಮೇಲಿನ ಕೆಂಪು ಶಿಲುಬೆಯು ಎಲ್ಲ ದವಾಖಾನೆಗಳ ಸೊತ್ತಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯಿದೆಯು ಅನುಮತಿಯಿಲ್ಲದೆ ಅದನ್ನು ಬಳಸುವುದನ್ನು ನಿಷೇಧಿಸಿದೆ. ಕೋಣೆಗಳಿಗೆ 1, 2, 3 ಎಂಬ ದಪ್ಪ ಅಂಕೆಗಳನ್ನು ಹಾಕಿ, ಅದೇ ಅಂಕೆಯನ್ನು ರೋಗಿಯ ಚೀಟಿಯ ಮೇಲೂ ಬರೆದುಕೊಟ್ಟರೆ ಭಾಷೆಯ ತೊಡಕು ಬಹುಮಟ್ಟಿಗೆ ಕಳೆಯುತ್ತದೆ.

ಇನ್ನು ಫಲಕದ ಸ್ಥಾನ. ನಗರಯೋಜಕ ಕೆವಿನ್ ಲಿಂಚ್ 1960ರ ತನ್ನ ಗ್ರಂಥದಲ್ಲಿ, ಜನರು ನಗರದ ಚಿತ್ರವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ದಾರಿ ಹುಡುಕುತ್ತಾರೆಂದು ವಿವರಿಸಿದ್ದಾನೆ. ದವಾಖಾನೆಯಾದರೂ ಅದೇ. ಎಲ್ಲಿ ಎಡಕ್ಕೋ ಬಲಕ್ಕೋ ಎಂದು ನಿರ್ಧರಿಸಬೇಕೋ ಅಲ್ಲಿ ಫಲಕವಿರಬೇಕು. ಅಲ್ಲಿಗೆ ಬೇಕಾದಷ್ಟೇ ಮಾತಿರಬೇಕು. ದಾನಿಗಳ ಹೆಸರುಗಳಿಗೆ ಬೇರೆ ಗೋಡೆಯಿದೆ.

ಪರೀಕ್ಷೆಯೂ ಸುಲಭವೇ. ಹೊಸದಾಗಿ ಬಂದ ವೃದ್ಧರೊಬ್ಬರನ್ನು ಬಾಗಿಲಿನಿಂದ ಔಷಧದ ಕಿಂಡಿಯವರೆಗೆ, ಯಾರೂ ದಾರಿ ಹೇಳದೆ, ನಡೆಯಗೊಡಬೇಕು. ಅವರು ಎಲ್ಲಿ ತಡೆದು ನಿಲ್ಲುವರೋ ಮುಂದಿನ ಫಲಕದ ಸ್ಥಳ ಅದೇ.